ಬಾಲದ ತುದಿಯ ಗೆಜ್ಜೆ

ಸಂಜೆ ಆರು ಗಂಟೆ ನಲವತ್ತೆರಡು ನಿಮಿಷ. ಇಷ್ಟು ಖಚಿತವಾಗಿ ಹೇಳುವುದಕ್ಕೆ ನನ್ನ ನೆನಪಿನ ಶಕ್ತಿ ಕಾರಣವಲ್ಲ. ನಿನ್ನೆ ಮಧ್ಯಾಹ್ನ ಡಬ್ಬಿಯಲ್ಲಿ ಏನು ಪಲ್ಯ ಇತ್ತು ಎಂದು ಕೇಳಿದರೂ ನಾನು ತಡಬಡಿಸುವವಳು. ಗಂಟೆ ಹೇಳಿದ್ದು ನನ್ನ ಫೋನು. ಈ ಸಲ ಅಕ್ಟೋಬರ್ ತಿಂಗಳ ಕೊನೆಯ ದಿನ ಮುಂಜಾನೆ, ಚಹಾ ಉಕ್ಕುವುದನ್ನು ಕಾಯುತ್ತ ನಿಂತಿದ್ದೆ. ಒಂದು ವರ್ಷದ ಹಿಂದೆ ಇದೇ ದಿನ ಎಂದು ಅದು ತಾನಾಗಿಯೇ ಒಂದು ಚಿತ್ರ ತೆಗೆದು ತೋರಿಸಿತು. ಕೆಳಗೆ ಸಣ್ಣ ಅಕ್ಷರದಲ್ಲಿ ಗಂಟೆ, ನಿಮಿಷ.

ಚಿತ್ರದಲ್ಲಿ ನಮ್ಮ ಕಟ್ಟಡದ ಲಿಫ್ಟ್. ಲಿಫ್ಟಿನ ಒಳಗೆ ಮೂರನೆಯ ಮಹಡಿಯ ತನ್ವಿ. ಆಗ ಅವಳಿಗೆ ಎಂಟು ವರ್ಷ. ಮುಖಕ್ಕೆ ಕರಿ ಬಣ್ಣ, ಮೂಗಿನ ಎರಡೂ ಬದಿಗೆ ಮೂರು ಮೂರು ಬಿಳಿ ಮೀಸೆ, ತಲೆಯ ಮೇಲೆ ಎರಡು ಕಿವಿ. ಒಂದು ನೆಟ್ಟಗೆ, ಇನ್ನೊಂದು ನಾನು ಅಂಟಿಸಿದ್ದು. ಬಲಗೈಯ ಬೆರಳುಗಳನ್ನು ಮಡಚಿ ಪರಚುವ ಹಾಗೆ ಎತ್ತಿದ್ದಾಳೆ. ಚೆನ್ನಾಗಿ ಬಂದ ಚಿತ್ರ. ತೆಗೆದ ಮೇಲೆ ಒಂದು ವರ್ಷ ಅದನ್ನು ನಾನು ನೋಡಿರಲಿಲ್ಲ.

ಮುಂಬಯಿ ಜೋಗೇಶ್ವರಿಯ ನಮ್ಮ ಕಟ್ಟಡಕ್ಕೆ ಈ ಹ್ಯಾಲೊವೀನ್ ಎಂಬ ದೆವ್ವದ ವೇಷದ ಹಬ್ಬ ಹೇಗೆ ಬಂತೆಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಒಂದು ವರ್ಷ ಇರಲಿಲ್ಲ, ಮರುವರ್ಷ ಇತ್ತು. ಶಾಲೆಯಲ್ಲಿ ಮಾಡಿಸಿದರಂತೆ, ಮಕ್ಕಳು ಮನೆಗೆ ತಂದರು. ಅಕ್ಟೋಬರ್ ಸೆಕೆಯಲ್ಲಿ ಭೂತಪ್ರೇತಗಳು ಬೆವರು ಒರೆಸಿಕೊಳ್ಳುತ್ತ ಬಾಗಿಲು ಬಾಗಿಲಿಗೆ ಬಂದು ‘ಟ್ರಿಕ್ ಆರ್ ಟ್ರೀಟ್’, ತಿಂಡಿ ಕೊಡಿ ಇಲ್ಲವೆ ಕಾಟ ತಾಳಿ, ಎನ್ನುತ್ತವೆ. ದೀಪಾವಳಿ ಹಿಂದೆಯೋ ಮುಂದೆಯೋ ಇರುವುದರಿಂದ ಅವುಗಳ ಚೀಲಕ್ಕೆ ಚಾಕಲೇಟಿಗಿಂತ ಚಕ್ಕುಲಿ, ಶಂಕರಪಾಳಿಯೇ ಹೆಚ್ಚು ಬೀಳುತ್ತದೆ. ಎರಡನೆಯ ಮಹಡಿಯ ಮರಾಠಿ ಅಜ್ಜಿಯೊಬ್ಬರು ಬಂದ ದೆವ್ವಗಳಿಗೆಲ್ಲ ಮೊದಲು ಕೈ ತೊಳೆದು ಬರಲು ಹೇಳುತ್ತಾರೆ.

ಅಂಗಡಿಯ ವೇಷ ತರಬಾರದು, ಮನೆಯಲ್ಲೇ ಮಾಡಬೇಕು ಎಂದು ನಿಯಮ ಮಾಡಿದವಳು ನಾನು. ಕಾಲೇಜಿನಲ್ಲಿದ್ದಾಗ ಕರಕುಶಲದ ಸ್ಪರ್ಧೆಯೊಂದರಲ್ಲಿ ನನಗೆ ಸಮಾಧಾನಕರ ಬಹುಮಾನ ಬಂದಿತ್ತು. ಅಂಥ ಬಹುಮಾನ ಬಂದವರು ಜೀವನವಿಡೀ ಅಪಾಯಕಾರಿಗಳು. ಮಳೆಗಾಲ ಮುಗಿದೊಡನೆ ಕಟ್ಟಡದವರೆಲ್ಲ ಮುರಿದ ಕೊಡೆಗಳನ್ನು ನನ್ನ ಬಾಗಿಲ ಪಕ್ಕ ತಂದಿಡುತ್ತಿದ್ದರು. ಕೊಡೆಯ ಬಟ್ಟೆಯನ್ನು ಕಡ್ಡಿಯ ಸಮೇತ ಎರಡು ಭಾಗ ಮಾಡಿದರೆ ಬಾವಲಿಯ ರೆಕ್ಕೆ ತಯಾರು. ಐಸ್‌ಕ್ರೀಮ್ ಡಬ್ಬಿಗೆ ಕೇಸರಿ ಕಾಗದ ಸುತ್ತಿದರೆ ಕುಂಬಳಕಾಯಿ. ಕರಿ ಡ್ರಾಯಿಂಗ್ ಹಾಳೆಯನ್ನು ಸುರುಳಿ ಸುತ್ತಿ ಅಂಟಿಸಿದರೆ ಮಾಟಗಾತಿಯ ಟೊಪ್ಪಿಗೆ. ನನ್ನದು ಅಂಟಿನ ಕೆಲಸ, ಹೊಲಿಗೆಯ ಕೆಲಸ. ಅಂಟು ಪರವಾಗಿಲ್ಲ, ಹೊಲಿಗೆ ಸಾಧಾರಣ.

ಕಟ್ಟುವ ಕೆಲಸ ಸಂಜೀವಣ್ಣನದು. ಮೊದಲ ಮಹಡಿಯಲ್ಲಿ ತಮ್ಮನ ಸಂಸಾರದ ಜೊತೆ ಇರುವ, ಎಪ್ಪತ್ತು ದಾಟಿದ ಮನುಷ್ಯ. ಉಡುಪಿಯ ಕಡೆಯವರು. ಗೋರೆಗಾಂವ್‌ನ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆ ಹುಯ್ದರು. ಆದರೆ ಅದನ್ನು ಅವರು ತಮ್ಮ ಕಸುಬು ಎಂದು ಯಾವತ್ತೂ ಹೇಳಿಕೊಂಡಿಲ್ಲ. ಅವರ ಕಸುಬು ಶನಿವಾರ, ಭಾನುವಾರಗಳದ್ದು. ಮುಂಬಯಿಯ ಕನ್ನಡದವರು ಎಲ್ಲಿ ಯಕ್ಷಗಾನ ಆಡಿದರೂ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ವೇಷ ಕಟ್ಟಲಿಕ್ಕೆ ಸಂಜೀವಣ್ಣನೇ ಆಗಬೇಕಿತ್ತಂತೆ. ಅವರ ಹತ್ತಿರ ಒಂದು ತಗಡಿನ ಟ್ರಂಕು. ಅದರಲ್ಲಿ ಹತ್ತಿಯ ಹುರಿ, ಬಣ್ಣದ ಡಬ್ಬಿ, ಕನ್ನಡಿ ಚೂರು, ಒಂದು ಮುಷ್ಟಿ ಗೆಜ್ಜೆ.

ನಾನು ಕಿವಿ ಅಂಟಿಸುತ್ತ, ಅವರು ಹುರಿ ಹೊಸೆಯುತ್ತ ನನ್ನ ನೆಲಮಹಡಿಯ ಮನೆಯಲ್ಲಿ ಕೂತ ಸಂಜೆಗಳು ಒಳ್ಳೆಯವು. ಮಕ್ಕಳು ಕನ್ನಡ ಅರ್ಧ, ಹಿಂದಿ ಅರ್ಧ ಮಾತಾಡುತ್ತ ಸುತ್ತ ಕೂತಿರುತ್ತಿದ್ದವು. ಧಾರವಾಡದ ನನ್ನ ಮಾತಿಗೆ ಸಂಜೀವಣ್ಣ ನಗುತ್ತಿದ್ದರು, ಅವರ ‘ಉಂಟು’ಗಳಿಗೆ ನಾನು. ಹುರಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಆಮೇಲೆ ಗಂಟು ಹಾಕುವುದು ಅವರ ಪದ್ಧತಿ. ಒಣಗಿದ ಮೇಲೆ ಆ ಗಂಟು ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಇಷ್ಟು ಬಿಗಿ ಯಾಕೆಂದು ನಾನೊಮ್ಮೆ ಕೇಳಿದ್ದೆ. ಬೆಳಗಿನ ತನಕ ಕುಣಿಯುವವನ ವೇಷ ನಡುವೆ ಜಾರಿದರೆ ಮರ್ಯಾದೆ ಹೋಗುವುದು ಅವನದಲ್ಲ, ಕಟ್ಟಿದವನದು ಎಂದು ವಿವರಿಸಿದ್ದರು. ನಮ್ಮ ತನ್ವಿ ಕುಣಿಯಬೇಕಾದದ್ದು ಬೆಳಗಿನ ತನಕ ಅಲ್ಲ, ನಾಲ್ಕು ಮಹಡಿ ಸುತ್ತಿ ಚಕ್ಕುಲಿ ತರುವ ತನಕ ಮಾತ್ರ. ಇದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬಾಲ ನೆಲ ಮುಟ್ಟಬೇಕೆಂಬುದು ತನ್ವಿಯ ಹಟ. “ಆಂಟಿ, ಟೇಲ್ ಏಕ್‌ದಮ್ ಲಂಬಾ ಬೇಕು, ಪೀಛೇ ಪೀಛೇ ಬರಬೇಕು” ಎಂದಿದ್ದಳು. ನನ್ನ ಹಳೆಯ ಕರಿ ಲೆಗಿಂಗ್ಸಿನ ಒಂದು ಕಾಲು ಕತ್ತರಿಸಿ, ಹಾಸಿಗೆಯ ಹತ್ತಿ ತುಂಬಿ, ಇನ್ನೊಂದು ಕಾಲನ್ನೂ ಅದಕ್ಕೆ ಜೋಡಿಸಿ ಅವಳೆತ್ತರಕ್ಕಿಂತ ಉದ್ದದ ಬಾಲ ಮಾಡಿದೆ. ಹಳೆಯ ಪಂಚೆಯ ಪಟ್ಟಿಯೊಂದನ್ನು ಸೊಂಟಪಟ್ಟಿಯಾಗಿ ಸಂಜೀವಣ್ಣ ಕೊಟ್ಟರು. ಬಾಲವನ್ನು ಆ ಪಟ್ಟಿಗೆ ಜೋಡಿ ನೂಲಿನಲ್ಲಿ ಎರಡು ಸುತ್ತು ಹೊಲಿಯಲು ಹೇಳಿದರು. ಅಷ್ಟರಲ್ಲಿ ನನಗೆ ಬೇಸರ ಬಂದಿತ್ತು. ಒಂಟಿ ನೂಲಿನಲ್ಲಿ ಒಂದೇ ಸುತ್ತು ಹೊಲಿದು, ಆಯಿತು ಎಂದೆ. ಬಾಲದ ತುದಿಗೆ ಅವರು ಟ್ರಂಕಿನಿಂದ ತೆಗೆದು ದೊಡ್ಡದೊಂದು ಗೆಜ್ಜೆ ಕಟ್ಟಿದರು. ಬೆಕ್ಕು ಬರುವುದು ಕೇಳಬೇಕಲ್ಲ ಎಂಬುದು ಅವರ ವಾದ. ಆಮೇಲೆ ತನ್ವಿಯನ್ನು ನಿಲ್ಲಿಸಿ, ಹುರಿ ಅದ್ದಿ, ಪಟ್ಟಿಯ ಮೇಲೆ ಮೂರು ಗಂಟು ಹಾಕಿದರು.

ಉಳಿದ ಮಕ್ಕಳು ಮೆಟ್ಟಿಲು ಹತ್ತಿ ಮುಂದೆ ಹೋಗಿದ್ದರು. ತನ್ವಿ ಮೊದಲು ಅಮ್ಮನಿಗೆ ತೋರಿಸಿ ಬರಬೇಕಿತ್ತು. ಮೆಟ್ಟಿಲ ಮೇಲೆ ಯಾರಾದರೂ ಬಾಲ ತುಳಿದಾರು, ಲಿಫ್ಟಿನಲ್ಲಿ ಹೋಗು ಎಂದವಳು ನಾನೇ.

ನಮ್ಮದು ಹಳೆಯ ಲಿಫ್ಟ್, ಎಳೆದರೆ ಮಡಚಿಕೊಳ್ಳುವ ಜಾಲರಿ ಗೇಟುಗಳದ್ದು. ಒಳಗಿನದೊಂದು, ಹೊರಗಿನದೊಂದು. ಒಳಗಿನದನ್ನು ತನ್ವಿ ಹಾಕಿಕೊಂಡಳು. ಹೊರಗಿನದನ್ನು ನಾನು ಹಾಕಿದೆ, ಎಡಗೈಯಲ್ಲಿ. ಬಲಗೈಯಲ್ಲಿ ಫೋನ್ ಇತ್ತು. “ತನೂ, ಇಲ್ನೋಡು” ಎಂದೆ. ಅವಳು ಕೈ ಎತ್ತಿದಳು, ನಾನು ಚಿತ್ರ ತೆಗೆದೆ, ಅವಳು ತಿರುಗಿ ಬಟನ್ ಒತ್ತಿದಳು.

ಮೊದಲು ಕೇಳಿದ್ದು ಗೆಜ್ಜೆ. ಗೇಟಿನ ಈಚೆಗೇ ಉಳಿದಿದ್ದ ಅದು ನನ್ನ ಕಾಲಿನ ಹತ್ತಿರ ಒಂದು ಸಲ ಜಿಗಿದು ಗೇಟಿಗೆ ಬಡಿಯಿತು. ಜಾಲರಿಯ ಸಂದಿನಲ್ಲಿ ಬಾಲ ತೂರುತ್ತಿತ್ತು, ಗೆಜ್ಜೆ ತೂರಲಿಲ್ಲ. ಬಾಲ ಮೇಲಕ್ಕೆ ಎದ್ದು ತಂತಿಯ ಹಾಗೆ ಬಿಗಿದುಕೊಂಡಿತು. ಏರುತ್ತಿದ್ದ ಲಿಫ್ಟಿನಲ್ಲಿ ತನ್ವಿ ಹಿಂದಕ್ಕೆ ಎಳೆದ ಹಾಗೆ ಬಿದ್ದು ಒಳಗೇಟಿಗೆ ಅಪ್ಪಳಿಸಿದ್ದು, ಅವಳ ಎರಡು ಕಾಲು, ಒಂದು ಚಪ್ಪಲಿ ಕಂಡವು. ಆಮೇಲೆ ಕಾಲೂ ಕಾಣಲಿಲ್ಲ. ಒಂದು ಕೂಗು. ಪರ್ರ್ ಎಂದು ಏನೋ ಹರಿದ ಸದ್ದು. ಬಾಲ ಸಡಿಲವಾಗಿ ಕೆಳಗೆ ಬಂದು ಗೇಟಿಗೆ ಜೋತುಬಿತ್ತು.

ಎಲ್ಲ ಸೇರಿ ನಾಲ್ಕು ಸೆಕೆಂಡು ಇರಬಹುದು. ಒಂದು ವಿಷಯ ನಿಮಗೆ ಹೇಳಬೇಕು. ನಮ್ಮ ಲಿಫ್ಟಿನ ಹೊರಗೇಟನ್ನು ಒಂದು ಬೆರಳಗಲ ಎಳೆದರೆ ಲಿಫ್ಟ್ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಮಕ್ಕಳು ದಿನಾ ಈ ತುಂಟಾಟ ಮಾಡಿ ಬೈಸಿಕೊಳ್ಳುತ್ತವೆ. ಬೈಯುವವರಲ್ಲಿ ನಾನೂ ಒಬ್ಬಳು. ಆ ನಾಲ್ಕೂ ಸೆಕೆಂಡು ನನ್ನ ಎಡಗೈ ಅದೇ ಗೇಟಿನ ಹಿಡಿಕೆಯ ಮೇಲಿತ್ತು. ನಾನು ಎಳೆಯಲಿಲ್ಲ. ಬಲಗೈಯ ಫೋನನ್ನು ಬೀಳಿಸಲೂ ಇಲ್ಲ. ಮಗುವನ್ನು ಉಳಿಸಿದ್ದು ನನ್ನ ಒಂಟಿ ನೂಲು.

ಮುಂದಿನದನ್ನು ಮೂರನೆಯ ಮಹಡಿಯ ಬಾಗಿಲಲ್ಲಿ ನಿಂತು ನೋಡಿದೆ. ತನ್ವಿ ನೆಲದ ಮೇಲೆ ಕೂತು ಬಿಕ್ಕುತ್ತಿದ್ದಳು. ಸೊಂಟಪಟ್ಟಿ ಮೇಲಕ್ಕೆ ಸರಿದು ಪಕ್ಕೆಲುಬಿನ ಕೆಳಗೆ ಕಚ್ಚಿಕೊಂಡಿತ್ತು, ಪೂರ್ತಿ ಉಸಿರು ಎಳೆಯಲು ಆಗುತ್ತಿರಲಿಲ್ಲ. ನನ್ನ ಮನೆಯಲ್ಲಿ ಟ್ರಂಕು ಮುಚ್ಚುತ್ತಿದ್ದ ಸಂಜೀವಣ್ಣ ಕೂಗು ಕೇಳಿ, ಗೇಟಿನ ಕಡೆ ನೋಡದೆ, ನನಗಿಂತ ಮೊದಲೇ ಮೂರು ಮಹಡಿ ಹತ್ತಿ ಬಂದಿದ್ದರು. ಅವಳ ಮುಂದೆ ಮಂಡಿಯೂರಿ ಗಂಟು ಬಿಚ್ಚಲು ನೋಡುತ್ತಿದ್ದರು. ಅವರೇ ಹಾಕಿದ ಗಂಟು. ಉಗುರು ಜಾರುತ್ತಿತ್ತು, ಗಂಟು ಮಿಸುಕಲಿಲ್ಲ. ತನ್ವಿಯ ಅಮ್ಮ ಶುಭಾ ಅಡುಗೆಮನೆಯಿಂದ ಕತ್ತರಿ ತಂದು, ಅವರ ಕೈಯನ್ನು ಪಕ್ಕಕ್ಕೆ ತಳ್ಳಿ, ಪಟ್ಟಿ ಕತ್ತರಿಸಿದಳು. ಡಾಕ್ಟರು ಮೂಳೆಗೇನೂ ಆಗಿಲ್ಲ ಎಂದರು. ನೀಲಿ ಗೆರೆಯೊಂದು ಎರಡು ವಾರ ಉಳಿಯಿತು.

ಶುಭಾ ಬೆಳಗಾವಿಯವಳು, ನೇರ ಮಾತಿನವಳು. ಡಾಕ್ಟರ ಹತ್ತಿರದಿಂದ ಬಂದವಳೇ, ನನ್ನ ಬಾಗಿಲಲ್ಲಿ ಕಾಯುತ್ತಿದ್ದ ಸಂಜೀವಣ್ಣನ ಮುಂದೆ ನಿಂತು, “ಕೂಸಿಗೆ ಕಟ್ಟಿದ್ರೋ, ಎತ್ತಿಗೆ ಕಟ್ಟಿದ್ರೋ?” ಎಂದು ಕೇಳಿದಳು. ಅವರು ಟ್ರಂಕು ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದರು.

ಹೊರಗೇಟು ಹಾಕಿದವಳು ನಾನೆಂದು ಹೇಳದೆ ಅವರನ್ನು ಹೋಗಲು ಬಿಟ್ಟೆ. ನಾನು ಇನ್ನೊಂದು ಕೆಲಸ ಮಾಡಿದ್ದೆ. ಮೇಲಕ್ಕೆ ಓಡುವ ಮೊದಲು ಗೇಟಿನಿಂದ ಬಾಲ ಬಿಡಿಸಿ ನನ್ನ ಮನೆಯ ಬಾಗಿಲ ಹಿಂದೆ ಎಸೆದಿದ್ದೆ. ಯಾಕೆ ಎಂದು ಆಗ ಯೋಚಿಸಿದ್ದೆನೋ ಇಲ್ಲವೋ, ಈಗ ಹೇಳಲಾರೆ. ರಾತ್ರಿ ಅದನ್ನು ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಂತೂ ಯೋಚಿಸಿಯೇ. ಬಾಲ ಎಲ್ಲಿ ಸಿಕ್ಕಿತೆಂದು ಯಾರೂ ನೋಡಿರಲಿಲ್ಲ. ಒಳಗೇಟು ಹಾಕುವಾಗ ಹುಡುಗಿಯೇ ಬಾಲ ಒಳಗೆ ಎಳೆದುಕೊಳ್ಳಲಿಲ್ಲ ಎಂದು ಕೆಲವರೆಂದರು. ಗಂಟು ಮಾತ್ರ ಎಲ್ಲರೂ ನೋಡಿದ್ದರು. ಕಮಿಟಿಯವರು ವೇಷ ಹಾಕಿದವರು ಲಿಫ್ಟ್ ಬಳಸಬಾರದು ಎಂದು ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬೋರ್ಡು ಹಾಕಿದರು. ನನ್ನ ಪಾಲಿಗೆ ಬಂದದ್ದು ಹೊಗಳಿಕೆ. ಆಂಟಿಯ ಕಚ್ಚಾ ಹೊಲಿಗೆಯಿಂದ ಮಗು ಬದುಕಿತು ಎಂದು ಕಟ್ಟಡವಿಡೀ ನಗುತ್ತ ಹೇಳಿತು. ನಾನೂ ನಕ್ಕೆ. ನಗದೆ ಇದ್ದರೆ ಯಾರಾದರೂ ಕೇಳುತ್ತಿದ್ದರೇನೋ.

ಆಮೇಲೆ ನಿದ್ದೆ ಹೋಯಿತು. ಪೂರ್ತಿ ಹೋಗಲಿಲ್ಲ. ಮೂರು ಗಂಟೆಯ ಸುಮಾರಿಗೆ ಎಚ್ಚರವಾಗುತ್ತಿತ್ತು, ದಿನವೂ, ಎಡಗೈ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು. ಕನಸಿನಲ್ಲಿ ನಾನು ಗೇಟು ಎಳೆಯುತ್ತಿದ್ದೆ. ಕನಸಿನಲ್ಲಿ ಲಿಫ್ಟ್ ಪ್ರತಿ ಸಲವೂ ನಿಂತಿದೆ. ಆಫೀಸಿನಲ್ಲಿ ಕಣ್ಣು ಎಳೆಯುತ್ತದೆ ಎಂದರೆ ಸಹೋದ್ಯೋಗಿಗಳು ವಯಸ್ಸು ಎಂದರು. ವಯಸ್ಸಿನ ಮೇಲೆ ಏನನ್ನು ಬೇಕಾದರೂ ಹೊರಿಸಬಹುದು, ಅದು ತಿರುಗಿ ಮಾತಾಡುವುದಿಲ್ಲ.

ಸಂಜೀವಣ್ಣನೂ ತಿರುಗಿ ಮಾತಾಡಲಿಲ್ಲ. ಆ ವರ್ಷ ಯಕ್ಷಗಾನದವರು ಕರೆಯಲು ಬಂದಾಗ ಕೈ ನಡುಗುತ್ತದೆ ಎಂದು ಹೇಳಿ ಕಳಿಸಿದರಂತೆ. ಶುಭಾ ಎದುರಾದರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಿದ್ದರು. ಮುಂದಿನ ಮಳೆಗಾಲದಲ್ಲಿ ಒಂದು ಸಂಗತಿ ಗಮನಿಸಿದ್ದೆ. ಅವರ ಕಿಟಕಿಯ ಸರಳುಗಳಿಗೆ ಬಿಳಿಯ ಹುರಿಗಳು ಸಾಲಾಗಿ ಜೋತುಬಿದ್ದಿದ್ದವು, ಹತ್ತೋ ಹದಿನೈದೋ. ಬಟ್ಟೆ ಒಣಗಿಸಲು ಕಟ್ಟಿಕೊಂಡಿದ್ದಾರೆ ಅಂದುಕೊಂಡೆ. ಬಟ್ಟೆ ಮಾತ್ರ ಒಂದು ದಿನವೂ ಕಾಣಲಿಲ್ಲ.

ಇನ್ನು ಆ ಚಿತ್ರ. ಮುಂಜಾನೆ ಚಹಾ ಉಕ್ಕಿ ಒಲೆ ಆರಿಹೋಯಿತು, ನಾನು ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡುತ್ತಿದ್ದೆ. ತನ್ವಿಯ ಮುಖದಿಂದ ಕೆಳಗೆ ಸರಿಸಿದೆ. ಕೆಳಗಿನ ಮೂಲೆಯಲ್ಲಿ, ಹೊರಗೇಟಿನ ಈಚೆಗೆ, ಸ್ಪಷ್ಟವಾಗಿ ಗೆಜ್ಜೆ. ಎಡ ಅಂಚಿನಲ್ಲಿ ಹಿಡಿಕೆಯ ಮೇಲೆ ನಾಲ್ಕು ಬೆರಳು, ನನ್ನ ಉಂಗುರ. ಅದು ಲಿಫ್ಟ್ ಏರುವ ಮೊದಲಿನ ಗಳಿಗೆ. ಎಲ್ಲವೂ ನನ್ನ ಕಣ್ಣ ಮುಂದೆ, ಕೈಯಳತೆಯ ಪರದೆಯ ಮೇಲೆ ಇತ್ತು. ಆಗ ನಾನು ನೋಡುತ್ತಿದ್ದದ್ದು ಚಿತ್ರ ಚೆನ್ನಾಗಿ ಬಂತೇ ಎಂದು. ಇಲ್ಲಿಯ ತನಕ ಎಲ್ಲ ಅಷ್ಟು ಬೇಗ ನಡೆದುಹೋಯಿತು ಎಂಬುದೊಂದು ಸಮಾಧಾನ ನನಗಿತ್ತು. ಅದೂ ಹೋಯಿತು.

ಅಳಿಸುವ ಗುಂಡಿ ಅಲ್ಲೇ ಕೆಳಗಿತ್ತು. ಒತ್ತಿದರೆ ಲೋಕದಲ್ಲಿ ಇನ್ನಾರಿಗೂ ಗೊತ್ತಾಗುವಂತಿರಲಿಲ್ಲ. ಅದರ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ನಿಂತಿದ್ದೆ ಎಂದು ಹೇಳುವುದಿಲ್ಲ. ಚಹಾದ ಪಾತ್ರೆ ತಣ್ಣಗಾಗುವಷ್ಟು ಹೊತ್ತು. ಆಮೇಲೆ ಆಫೀಸಿಗೆ ಹೋದೆ. ಲೋಕಲ್ ರೈಲಿನಲ್ಲಿ ನೋಡಿದೆ, ಊಟದ ಹೊತ್ತಿಗೆ ನೋಡಿದೆ. ಸಂಜೆ ಮನೆಗೆ ಬಂದು, ಸ್ಟೂಲು ಹತ್ತಿ, ಅಟ್ಟದಿಂದ ಚೀಲ ಇಳಿಸಿ ಮೂರನೆಯ ಮಹಡಿಗೆ ಮೆಟ್ಟಿಲಲ್ಲೇ ಹೋದೆ.

ಶುಭಾ ಚಿತ್ರವನ್ನು ಬಹಳ ಹೊತ್ತು ನೋಡಿದಳು. ನಾನು ಬಾಲ ಹೊರತೆಗೆದು ನೆಲದ ಮೇಲೆ ಇಟ್ಟೆ, ಹೇಳಬೇಕಾದದ್ದು ಹೇಳಿದೆ. ಗೇಟು ಹಾಕಿದ್ದು, ಎಳೆಯದೆ ನಿಂತದ್ದು, ಬಾಲ ಬಚ್ಚಿಟ್ಟದ್ದು. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಅದಕ್ಕೆ ತಯಾರಾಗಿಯೇ ಹೋಗಿದ್ದೆ.

“ಗೇಟ್ ಯಾರರ ಹಾಕ್ತಾರ್ರೀ. ನಾನೂ ಹಾಕತಿದ್ದೆ,” ಎಂದಳು ಮೆಲ್ಲಗೆ. “ಒಂದ್ ವರ್ಷ ಆ ಹಿರ್ಯಾರ ಮಾರಿ ನೋಡಿ ನಾ ಮಾರಿ ತಿರುವೇನಿ. ನೀವು ನೋಡ್ಕೋತ ನಕ್ಕೋತ ಇದ್ರಿ. ಅದನ್ನ ಹೆಂಗ್ ಮಾಡಿದ್ರಿ?”

ಒಳಗಿನಿಂದ ತನ್ವಿ ಬಂದಳು, ಒಂಬತ್ತು ವರ್ಷದವಳು, ಅಂಗಡಿಯಿಂದ ತರಿಸಿದ ಮಾಟಗಾತಿಯ ಮೇಲುಹೊದಿಕೆ ಹೊದ್ದು. ಕುತ್ತಿಗೆಯ ಹತ್ತಿರ ಒತ್ತಿದರೆ ಅಂಟುವ, ಎಳೆದರೆ ಪರ್ರ್ ಎಂದು ಬಿಡುವ ಪಟ್ಟಿ. ನೆಲದ ಮೇಲೆ ಬಾಲ ನೋಡಿ, “ಅರೇ, ಮೇರಾ ಟೇಲ್!” ಎಂದು ಎತ್ತಿಕೊಂಡಳು. ಗೆಜ್ಜೆ ಸದ್ದು ಮಾಡಿತು. ಅವಳು ಇನ್ನೊಮ್ಮೆ ಅಲ್ಲಾಡಿಸಿದಳು. ಶುಭಾ ನಮ್ಮಿಬ್ಬರನ್ನೂ ಕರೆದುಕೊಂಡು ಮೊದಲ ಮಹಡಿಗೆ ಇಳಿದಳು.

ಬಾಗಿಲು ತೆಗೆದ ಸಂಜೀವಣ್ಣ ಶುಭಾಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. “ನಂದು ತಪ್ಪಾತ್ರಿ ಅಣ್ಣಾರ” ಎಂದಳು ಅವಳು, ಹೊಸಿಲಾಚೆಯೇ ನಿಂತು. ನಾನು ಎಲ್ಲವನ್ನೂ ಎರಡನೆಯ ಸಲ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಲ್ಲ, ಬೇಕಾದರೆ ಪ್ರಯತ್ನಿಸಿ ನೋಡಿ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಫೋನನ್ನು ಕಣ್ಣಿನ ಹತ್ತಿರ ಹಿಡಿದರು. ಗೆಜ್ಜೆಯನ್ನೂ ನೋಡಲಿಲ್ಲ, ನನ್ನ ಬೆರಳನ್ನೂ ನೋಡಲಿಲ್ಲ. ತನ್ವಿಯ ಸೊಂಟವನ್ನು ದೊಡ್ಡದು ಮಾಡಿ ನೋಡಿದರು.

“ಗಂಟು ಸರೀ ಉಂಟು,” ಎಂದರು ಆಮೇಲೆ. “ಒಂದು ಎಳೆ ಸಡಿಲ ಇಲ್ಲ.” ಫೋನ್ ಹಿಂದಕ್ಕೆ ಕೊಟ್ಟರು. “ಅದೇ ತಪ್ಪು ಅಮ್ಮಾ. ಗೇಟು ನೀವು ಹಾಕಿದ್ದಿರಬಹುದು. ಗಂಟು ನಂದೇ. ಮಗು ಅಂತ ನನಗೆ ನೆನಪಾಗ್ಲಿಲ್ಲ, ವೇಷ ಅಂತ ಮಾತ್ರ ಇತ್ತು ತಲೆಯಲ್ಲಿ.”

ತಪ್ಪನ್ನು ಅವರಿಂದ ಕಿತ್ತುಕೊಳ್ಳಲು ಹೋಗಿದ್ದೆ, ಅವರು ತಮ್ಮ ಪಾಲನ್ನು ಬಿಟ್ಟುಕೊಡಲಿಲ್ಲ. ಆಮೇಲೆ ತನ್ವಿಯನ್ನು ಕಿಟಕಿಯ ಹತ್ತಿರ ಕರೆದರು. ಸರಳುಗಳಿಗೆ ಕಟ್ಟಿದ ಹುರಿಗಳು. “ಎಳಿ ನೋಡುವ,” ಎಂದರು. ಅವಳು ಒಂದರ ತುದಿ ಎಳೆದಳು, ಗಂಟು ಬಿಚ್ಚಿಕೊಂಡಿತು. ಇನ್ನೊಂದು ಎಳೆದಳು, ಅದೂ ಬಿಚ್ಚಿಕೊಂಡಿತು. ಎರಡು ಕೈಯಿಂದ ಜಗ್ಗಿದರೂ ನಿಲ್ಲುವ, ತುದಿಯ ಒಂದು ಎಳೆತಕ್ಕೆ ಜಾರಿ ಬರುವ ಗಂಟು. ಒದ್ದೆ ಹುರಿಯಲ್ಲೂ ಅದು ಬಿಚ್ಚಬೇಕೆಂದು ಮಳೆಗೆ ತಾಗುವ ಹಾಗೆ ಕಟ್ಟಿ, ಒಣಗಿಸಿ, ಬಿಚ್ಚಿ, ಮತ್ತೆ ಕಟ್ಟಿದ್ದರಂತೆ, ಇಡೀ ಮಳೆಗಾಲ. ತನ್ವಿ ಸಾಲು ಮುಗಿಯುವ ತನಕ ಎಳೆದಳು. ಮುಗಿದ ಮೇಲೆ ಅವರ ಮುಂದೆ ಸ್ಟೂಲಿನ ಮೇಲೆ ಕೂತು ಮುಖ ಮುಂದೆ ಮಾಡಿದಳು. “ಅಜ್ಜ, ಮೀಸೆ.”

ಮಾಟಗಾತಿಗೆ ಮೀಸೆ ಎಲ್ಲಿಯದು ಎಂದರು ಅವರು. ಇರಲಿ ಎಂದಳು ಅವಳು. ಟ್ರಂಕು ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು, ಕೊಂಡಿಗೆ ತುಕ್ಕು ಬಂದಿತ್ತು. ಕಡ್ಡಿ ಹಿಡಿದಾಗ ಅವರ ಕೈ ನಡುಗಲಿಲ್ಲ. ನಾನು ಬಾಲದ ತುದಿಯಿಂದ ಗೆಜ್ಜೆ ಬಿಚ್ಚಿ ಟ್ರಂಕಿನೊಳಗೆ, ಉಳಿದವುಗಳ ಜೊತೆ ಹಾಕಿದೆ.

ಆ ರಾತ್ರಿ ಪೂರ್ತಿ ನಿದ್ದೆ ಬಂತೆಂದು ಬರೆದರೆ ಚೆನ್ನಾಗಿರುತ್ತಿತ್ತು. ಬರಲಿಲ್ಲ. ಮೂರು ಗಂಟೆಗೆ ಎಚ್ಚರವಾಯಿತು, ಮರುದಿನವೂ ಆಯಿತು. ಶುಭಾ ಈಗಲೂ ನನ್ನೊಡನೆ ಅಗತ್ಯಕ್ಕಷ್ಟೇ ಮಾತಾಡುತ್ತಾಳೆ, ಅದು ನ್ಯಾಯ. ಕಟ್ಟಡದವರಿಗೆ ಅವಳೇ ಹೇಳಿದಳು. ಕಚ್ಚಾ ಹೊಲಿಗೆಯ ನಗು ನಿಂತಿತು. ಸಂಜೀವಣ್ಣ ಲಿಫ್ಟಿನಲ್ಲಿ ಸಿಕ್ಕರೆ ಗೇಟನ್ನು ನನಗೆ ಬಿಡುತ್ತಾರೆ. ಹಾಕುವ ಮೊದಲು ನಾನು ಕೆಳಗೆ ನೋಡುತ್ತೇನೆ, ಅವರೂ ನೋಡುತ್ತಾರೆ.

ಮೊನ್ನೆ ಭಾನುವಾರ ಗೇಟಿನ ಸದ್ದಿಗೆ ಎಚ್ಚರವಾಯಿತು. ಯಾರೋ ಎಳೆದರು, ಯಾರೋ ಹತ್ತಿದರು, ಲಿಫ್ಟ್ ಏರಿತು, ಎಲ್ಲೋ ನಿಂತಿತು. ನನ್ನ ಎಡಗೈ ದಿಂಬಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಕಿಟಕಿಯಲ್ಲಿ ಬಿಸಿಲು ದಪ್ಪಗಾಗಿತ್ತು, ಹಾಲಿನವನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋಗಿದ್ದ ಹಾಲು ಸೆಕೆಗೆ ಕೆಟ್ಟಿತ್ತು. ಬೆಳಿಗ್ಗೆ ಎಂಟು ಗಂಟೆ ಐವತ್ತು ನಿಮಿಷ. ಈ ಸಲ ಗಡಿಯಾರ ನಾನೇ ನೋಡಿದೆ.